ಊಟಿಯಿಂದ ಹೊರಟು ಬಂದದ್ದು

ಗೆಳೆಯರ ಮನೆಗೋ ನೆಂಟರ ಮನೆಗೋ ಹೋಗುವುದು ನನಗೆ ಎಂದೂ ಕಷ್ಟವೆನಿಸಿಲ್ಲ. ಬಟ್ಟೆ ತುಂಬಿಕೊಂಡು ಬಸ್ಸು ಹತ್ತಿದರಾಯಿತು. ಕಷ್ಟವಿರುವುದು ಬಿಟ್ಟು ಬರುವುದರಲ್ಲಿ. ನಮ್ಮ ಜಗಳೂರು, ಹೊನ್ನಾಳಿ, ನ್ಯಾಮತಿಯ ಕಡೆ ಬಂದವರು "ನಾಳೆ ಹೊರಡ್ತೀವ್ರಿ" ಎಂದ ಕೂಡಲೇ "ಆಗಲಿ, ಹೋಗಿಬನ್ನಿ" ಎಂದುಬಿಟ್ಟರೆ ಆ ಮನೆಯ ಮರ್ಯಾದೆ ಹೋದ ಹಾಗೆ. ಕಡೇಪಕ್ಷ ಮೂರು ಸಲ ತಡೆಯಬೇಕು. ಸೊಕ್ಕೆ ಹಳ್ಳಿಯ ನನ್ನ ಸೋದರಮಾವ ಬಂದವರ ಒಂದು ಚಪ್ಪಲಿಯನ್ನು ಮಾತ್ರ ಅಡಗಿಸಿಡುತ್ತಿದ್ದರು. ಎರಡನ್ನೂ ಅಡಗಿಸಿದರೆ ಬರಿಗಾಲಲ್ಲೇ ಹೋಗಿಬಿಡುತ್ತಾರೆ, ಒಂದು ಕಣ್ಣೆದುರಿಗೆ ಇದ್ದರೆ ಇನ್ನೊಂದನ್ನು ಹುಡುಕುತ್ತಾ ನಿಲ್ಲುತ್ತಾರೆ ಎಂಬುದು ಅವರ ಅನುಭವ. ಒಮ್ಮೆ ಎಣ್ಣೆಕಾಳು ಕೊಳ್ಳಲು ಬಂದ ವ್ಯಾಪಾರಿಯೊಬ್ಬರು ಹೀಗೆ ಮೂರು ದಿನ ಉಳಿದು, ಕಾಳನ್ನು ಕೊಳ್ಳುವುದನ್ನೇ ಮರೆತು ಹೋದರಂತೆ. ಇಂಥ ವಂಶದಲ್ಲಿ ಹುಟ್ಟಿದ ನಾನು ಊಟಿಯಿಂದ ಹೊರಟು ಬಂದ ಕತೆಯನ್ನು ಇದುವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಜಗಳೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಸವಳಂಗದ ಬಸವರಾಜ ದಾವಣಗೆರೆಯ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದವನು, ಬ್ಯಾಂಕಿನ ಕೆಲಸ ಸಿಕ್ಕಿ ಊಟಿಗೆ ಹೋಗಿದ್ದ. ವರ್ಷಕ್ಕೆ ನಾಲ್ಕು ಕಾರ್ಡು ಬರೆಯುತ್ತಿದ್ದ, ನಾಲ್ಕರಲ್ಲೂ ಬೇಸಿಗೆಗೆ ಮನೆಮಂದಿಯೆಲ್ಲ ಬನ್ನಿ ಎಂದಿರುತ್ತಿತ್ತು. ಆರು ವರ್ಷ ನಾನು ಅದನ್ನು ಕಾರ್ಡಿನ ಕೊನೆಯ ಸಾಲು ಎಂದಷ್ಟೇ ಓದಿಕೊಂಡಿದ್ದೆ. ಏಳನೆಯ ಬೇಸಿಗೆಯಲ್ಲಿ ನಮ್ಮ ಮನೆಯ ಫ್ಯಾನು ಬಿಸಿಗಾಳಿಯನ್ನು ಮೇಲಿನಿಂದ ಕೆಳಕ್ಕೆ ತಳ್ಳುವ ಕೆಲಸವನ್ನು ಬಿಟ್ಟು ಬೇರೇನನ್ನೂ ಮಾಡದೇ ಇದ್ದಾಗ, ನನ್ನ ಹೆಂಡತಿ ಶಾರದಾ ಆ ಕಾರ್ಡನ್ನೇ ಬೀಸಣಿಗೆ ಮಾಡಿಕೊಂಡು ಗಾಳಿ ಹಾಕಿಕೊಳ್ಳುತ್ತಾ, "ಕರೆದೋರ ಮನೆಗೆ ಹೋಗಾಕೆ ನಿಮಗೇನ್ರಿ ದಾಡಿ?" ಎಂದಳು. ಹದಿನೈದು ದಿನ ರಜೆ ಹಾಕಿದೆ. ಬಸವರಾಜನಿಗೆ ಕಾಗದ ಬರೆದು, ಉತ್ತರಕ್ಕೂ ಕಾಯದೆ, ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಎರಡು ಕಂಬಳಿ ಮತ್ತು ಇಬ್ಬರು ಮಕ್ಕಳ ಸಮೇತ ಹೊರಟೆವು.

ಭಾನುವಾರ ಸಂಜೆ ತಲುಪಿದೆವು. ಬಾಗಿಲು ತೆರೆದ ಬಸವರಾಜ ನನ್ನನ್ನು ತಬ್ಬಿಕೊಂಡ. ತಬ್ಬಿಕೊಳ್ಳುವ ಮೊದಲು ಅರೆಗಳಿಗೆ ಸುಮ್ಮನೆ ನಿಂತಿದ್ದ, ಅದು ನನಗೆ ಆಮೇಲೆ ನೆನಪಾಯಿತು. ಇದ್ದದ್ದು ಎರಡೇ ಕೋಣೆ, ಒಂದು ಅಡುಗೆಮನೆ, ಹಿಂದೆ ಒಂದು ಬಚ್ಚಲು. ಮುಂದಿನ ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು. ಅವನ ಹೆಂಡತಿ ಗಿರಿಜಾ ಚನ್ನಗಿರಿಯ ಹುಡುಗಿ, ತಲೆಗೆ ಮಫ್ಲರು, ಮೈಗೆ ಎರಡು ಸ್ವೆಟರು, ಮೆಟ್ಟಿಲು ಹತ್ತಿದರೆ ಸಾಕು ಉಬ್ಬಸ. ಜನ ದುಡ್ಡು ಕೊಟ್ಟು ಹುಡುಕಿಕೊಂಡು ಬರುವ ಚಳಿ ಆಕೆಯ ಎದೆಯಲ್ಲಿ ಕೂತುಬಿಟ್ಟಿತ್ತು. ಆದರೂ ನಮಗೆ ಬಿಸಿಬಿಸಿ ಬಡಿಸಿದಳು. ಕೆರೆ ನೋಡಿದೆವು, ತೋಟ ನೋಡಿದೆವು, ಮಕ್ಕಳು ಬಾಯಿಂದ ಹೊಗೆ ಬಿಡುತ್ತಾ ಮನೆ ತುಂಬ ರೈಲಾಟ ಆಡಿದರು. ಮೂರು ದಿನ ನನ್ನಷ್ಟು ಸುಖಿ ಯಾರೂ ಇರಲಿಲ್ಲ.

ಬುಧವಾರ ನಸುಕಿನಲ್ಲಿ ಬಚ್ಚಲಿಗೆ ಹೋದೆ. ಬಾಗಿಲು ತಳ್ಳಿದರೆ ಒಲೆಯ ಮುಂದೆ ಬಕೆಟ್ಟು ಬೋರಲು ಹಾಕಿಕೊಂಡು ಬಸವರಾಜ ಕೂತಿದ್ದಾನೆ, ಮೈಮೇಲೆ ನಮ್ಮ ಕಂಬಳಿ. ನನ್ನನ್ನು ಕಂಡವನೇ ಏನನ್ನೋ ಕಂಬಳಿಯೊಳಗೆ ತುರುಕಿಕೊಂಡ. "ನೀರು ಕಾಯಿಸಾಕೆ ಬಂದಿದ್ದೆ ಕಣೋ" ಎಂದ. ಹಂಡೆಯ ನೀರು ಆಗಲೇ ಮರಳುತ್ತಿತ್ತು. ಕಂಬಳಿಯ ಅಂಚಿನಲ್ಲಿ ಒಂದು ದಪ್ಪ ಪುಸ್ತಕದ ಮೂಲೆ ಕಾಣುತ್ತಿತ್ತು. ನಾನು ಅದನ್ನು ನೋಡಲಿಲ್ಲ ಎಂಬಂತೆ ನಿಂತೆ, ಅವನು ನಾನು ನೋಡಲಿಲ್ಲ ಎಂದು ನಂಬಿದವನಂತೆ ಎದ್ದು ಹೋದ.

ವಿಷಯ ಮಧ್ಯಾಹ್ನ ಶಾರದಾಳಿಂದ ತಿಳಿಯಿತು. ಗಿರಿಜಾ ಸೊಪ್ಪು ಸೋಸುತ್ತಾ ಅತ್ತುಬಿಟ್ಟಳಂತೆ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರವೇ ಬಸವರಾಜನಿಗೆ ಬ್ಯಾಂಕಿನ ಬಡ್ತಿ ಪರೀಕ್ಷೆ. ಎರಡು ಸಲ ಫೇಲಾಗಿದ್ದಾನೆ, ಮೂರನೆಯದೇ ಕೊನೆಯ ಅವಕಾಶ. ಪಾಸಾದರೆ ಆಫೀಸರಾಗಿ ಬಯಲುಸೀಮೆಗೆ ವರ್ಗ, ಆಕೆಯ ಉಬ್ಬಸಕ್ಕೆ ಬಿಡುಗಡೆ. ಇಲ್ಲದಿದ್ದರೆ ಈ ಚಳಿಯಲ್ಲೇ ಇನ್ನೆಷ್ಟು ವರ್ಷವೋ. ಡಾಕ್ಟರು ಇನ್ನೊಂದು ಮಳೆಗಾಲವನ್ನು ಇಲ್ಲಿ ಕಳೆಯಬೇಡಿ ಎಂದಿದ್ದಾರೆ. "ಅಣ್ಣಾರಿಗೆ ಮಾತ್ರ ಹೇಳಬ್ಯಾಡ್ರಿ ಅಕ್ಕ, ನಿಮ್ಮಾಣೆ. ಬಂದೋರಿಗೆ ನೀವು ಹೋಗ್ರಿ ಅಂದಂಗಾಗ್ತೈತೆ. ನಮ್ಮನೆಯೋರಿಗೆ ತಿಳಿದ್ರೆ ನನ್ನ ಸುಮ್ಮನೆ ಬಿಡಲ್ಲ" ಎಂದು ಆಣೆ ಇಟ್ಟಳಂತೆ. ಹೀಗೆ ಆಣೆ ಇಡಿಸಿಕೊಂಡ ಶಾರದಾ ಹತ್ತು ನಿಮಿಷದೊಳಗೆ ಎಲ್ಲವನ್ನೂ ನನಗೆ ಹೇಳಿದಳು.

ನಾವು ಮಲಗುವ ಕೋಣೆಯೇ ಅವನು ಓದುವ ಕೋಣೆ. ಅಲ್ಲಿ ನನ್ನ ಮಕ್ಕಳು ರೈಲು ಬಿಡುತ್ತಿದ್ದಾರೆ, ನಾನು ಸಂಜೆ ಅವನನ್ನು ಕೂರಿಸಿಕೊಂಡು ಹಾಸ್ಟೆಲಿನ ಸಾರಿನ ಬಗ್ಗೆ ಗಂಟೆಗಟ್ಟಲೆ ಹರಟುತ್ತಿದ್ದೇನೆ. ಪರೀಕ್ಷೆಯ ವಿಷಯ ಗೊತ್ತಾಯಿತು, ಹೋಗ್ತೀವಿ ಎನ್ನುವ ಹಾಗಿಲ್ಲ. ಹಾಗೆಂದರೆ ಗಿರಿಜಾಳಿಗೆ ಪೆಟ್ಟು, ಮೇಲಾಗಿ ಬಂದವರನ್ನು ಕಳಿಸಿದ ಎಂಬ ಅಪವಾದ ಅವನ ಜೀವಮಾನಕ್ಕೆ. ಆ ರಾತ್ರಿ ಊಟಕ್ಕೆ ಕೂತಾಗ ನಾನು ಅನ್ನ ಕಲೆಸುತ್ತಾ, "ನಾಳೆ ಹೊರಡ್ತೀವಿ ಕಣೋ" ಎಂದೆ. "ಏನ್ ಅವಸರ? ಹದಿನೈದು ದಿನ ರಜಾ ಅಂತ ನೀನೇ ಬರ್ದಿದ್ಯಲ್ಲ" ಎಂದ. ಕಾಗದ ಬರೆದ ಕೈಗೆ ಶಾಪ ಹಾಕಿದೆ. ಗುರುವಾರ ಬೆಳಗ್ಗೆ ಎರಡನೆಯ ಸಲ ಹೇಳಿ ನೋಡಿದರೆ ನಮ್ಮ ದೊಡ್ಡ ಚೀಲವೇ ಇಲ್ಲ. ಅವನ ಮಂಚದ ಕೆಳಗೆ, ಅಕ್ಕಿ ಮೂಟೆಯ ಹಿಂದೆ ಇತ್ತು. ಶುಕ್ರವಾರ ಹೊರಡುವ ಮಾತೇ ಇಲ್ಲ, ಆ ದಿನ ಹೆಣ್ಣುಮಗಳನ್ನು ಮನೆಯಿಂದ ಕಳಿಸುವುದುಂಟೆ? ಅಂದು ನಸುಕಿನಲ್ಲೂ ಬಚ್ಚಲಿನಲ್ಲಿ ಬೆಳಕಿತ್ತು. ನಾನು ಎಚ್ಚರವಾಗಿ ಮಲಗಿ ಆ ಬಾಗಿಲ ಸಂದಿಯನ್ನೇ ನೋಡುತ್ತಿದ್ದೆ. ಒಳಗೆ ಅವನು ಕೆಮ್ಮನ್ನು ತಡೆದುಕೊಳ್ಳುತ್ತಿದ್ದ. ಬಚ್ಚಲಿಗೆ ಹೋಗಬೇಕೆನಿಸಿದರೂ ತಡೆದುಕೊಂಡು ಮಲಗಿದ್ದೆ. ಗೆಳೆತನಕ್ಕಾಗಿ ನಾನು ಮಾಡಿದ ತ್ಯಾಗಗಳಲ್ಲಿ ಅದೂ ಒಂದು.

ಶನಿವಾರ ಬೆಳಗ್ಗೆ ಮೂರನೆಯ ಸಲ ಹೇಳಿದೆ. ಅವನು ಮೂರನೆಯ ಸಲವೂ ತಡೆದ. "ನಾಳೆ ಭಾನುವಾರ, ರಜಾ ಐತೆ, ಎಲ್ಲರೂ ಕೂನೂರಿಗೆ ಹೋಗಾನ" ಎಂದ. ಕೊನೆಯ ಅವಕಾಶದ ಪರೀಕ್ಷೆಗೆ ಎಂಟು ದಿನ ಇರುವ ಮನುಷ್ಯ ನನ್ನ ಮಕ್ಕಳಿಗೆ ಕೂನೂರು ತೋರಿಸುತ್ತಾನಂತೆ! ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವನ ಮೇಲೋ, ನನ್ನ ಮೇಲೋ, ನಮ್ಮ ಸೀಮೆಯ ಮರ್ಯಾದೆಯ ಮೇಲೋ ಗೊತ್ತಾಗಲಿಲ್ಲ. "ಏನೈತಲೇ ನೋಡಾಕೆ ಇಲ್ಲಿ? ಬರೇ ಮಂಜು, ಕೆಸರು. ನಮ್ಮ ಮಕ್ಕಳಿಗೆ ನೆಗಡಿ ಹಿಡಿಸಾಕೆ ಕರೆಸಿದ್ಯಾ? ಒಂದು ರಾತ್ರಿ ನೆಟ್ಟಗೆ ನಿದ್ದೆ ಇಲ್ಲ ನನಗೆ ಈ ಮನೇಲಿ" ಎಂದೆ.

ಗಿರಿಜಾಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಬಸವರಾಜ ನನ್ನನ್ನೇ ನೋಡಿದ. ಆಮೇಲೆ ಮಂಚದ ಕೆಳಗೆ ಬಗ್ಗಿ, ಅಕ್ಕಿ ಮೂಟೆಯನ್ನು ಸರಿಸಿ, ಚೀಲವನ್ನು ತಂದು ನನ್ನ ಮುಂದಿಟ್ಟ. ಬಸ್ ಸ್ಟ್ಯಾಂಡಿಗೆ ಬಂದ, ಮಕ್ಕಳಿಗೆ ಬಿಸ್ಕತ್ತು ಕೊಡಿಸಿದ, ನನ್ನ ಕಡೆ ತಿರುಗದೆ ವಾಪಸು ನಡೆದ. ಬಸ್ಸು ಇಳಿಜಾರಿನಲ್ಲಿ ತಿರುಗುವವರೆಗೂ ನಾನು ಹಿಂದಕ್ಕೇ ನೋಡುತ್ತಿದ್ದೆ. ಹದಿನಾಲ್ಕು ವರ್ಷದ ಗೆಳೆತನವನ್ನು ಅರ್ಧ ನಿಮಿಷದಲ್ಲಿ ಮುರಿದು ಬಂದಿದ್ದೆ. ಆದರೆ ಅವನಿಗೆ ಎಂಟು ದಿನ ಮತ್ತು ಒಂದು ಕೋಣೆ ಸಿಕ್ಕಿತಲ್ಲ ಎಂದು ಸಮಾಧಾನ ಮಾಡಿಕೊಂಡೆ. ಶಾರದಾ ಕೂಡ ಕಣ್ಣೊರೆಸಿಕೊಂಡು, "ನೀವು ಮಾಡಿದ್ದು ಸರಿ ಐತ್ರಿ" ಎಂದಳು. ಆಕೆ ಹಾಗೆ ಹೇಳುವುದು ವರ್ಷಕ್ಕೊಂದು ಸಲ.

ಆ ಹೊಗಳಿಕೆ ಮೈಸೂರಿನವರೆಗೆ ಬಾಳಿತು. ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಹೊನ್ನಾಳಿಯ ಹಾಲಪ್ಪ ಮೇಷ್ಟ್ರು ಎದುರಾದರು. ಹಿಂದೆ ಜಗಳೂರಿನಲ್ಲಿ ಹೆಡ್ಮಾಸ್ತರಾಗಿ ನಿವೃತ್ತರಾದವರು, ಮಕ್ಕಳಿಲ್ಲ, ಗಂಡಹೆಂಡತಿ ಇಬ್ಬರೇ. ಊಟಿಗೆ ಹೊರಟಿದ್ದರು. "ಅಲ್ಲಿ ಲಾಡ್ಜೆಲ್ಲ ತುಂಬಿರ್ತಾವಂತಲ್ಲಪ್ಪ, ಹೆಂಗೆ ಮಾಡಾದು?" ಎಂದು ಕೇಳಿದರು. ನನ್ನ ಬಾಯಿ ನನ್ನ ಅಪ್ಪಣೆಗೆ ಕಾಯಲಿಲ್ಲ. "ಲಾಡ್ಜ್ ಯಾಕ್ರಿ ಮೇಷ್ಟ್ರೇ? ನಮ್ಮ ಬಸವರಾಜ ಇಲ್ವೇನ್ರಿ ಅಲ್ಲಿ? ನನ್ನ ಹೆಸರು ಹೇಳ್ರಿ ಸಾಕು" ಎಂದೆ. ಶಾರದಾ ನನ್ನ ಕಾಲನ್ನು ತುಳಿದಳು. ತುಳಿದದ್ದು ಯಾಕೆಂದು ಹೊಳೆಯುವ ಹೊತ್ತಿಗೆ ನಾನು ಬಸ್ಸಿನ ಟಿಕೇಟಿನ ಹಿಂದೆ ವಿಳಾಸವನ್ನೂ ಬರೆದು ಕೊಟ್ಟಾಗಿತ್ತು. ವಾಪಸು ಕೇಳಬೇಕೆಂದು ಓಡಿದೆ. ಬಸ್ಸಿನ ಕಿಟಕಿಯಿಂದ ಮೇಷ್ಟ್ರು ಸಂತೋಷದಿಂದ ಕೈಬೀಸಿದರು. ಅಲ್ಲಿಂದ ಜಗಳೂರಿನವರೆಗೆ ಶಾರದಾ ನನಗೆ ಬೆನ್ನು ಮಾಡಿ ಕಿಟಕಿಯ ಕಡೆಗೇ ಕೂತಳು.

ಎರಡು ತಿಂಗಳು ಊಟಿಯಿಂದ ಸುದ್ದಿಯಿಲ್ಲ. ಕಚೇರಿಯಲ್ಲಿ ಟಪಾಲು ಬಂದಾಗಲೆಲ್ಲ ನಾನೇ ಮೊದಲು ಎದ್ದು ಹೋಗಿ ಕಟ್ಟು ಬಿಚ್ಚುತ್ತಿದ್ದೆ. ಕೊನೆಗೊಂದು ದಿನ ಕಾರ್ಡಲ್ಲ, ದಪ್ಪ ಲಕೋಟೆಯೇ ಬಂತು. ಬಸವರಾಜ ಪಾಸಾಗಿದ್ದ, ಚಿತ್ರದುರ್ಗಕ್ಕೆ ವರ್ಗವೂ ಆಗಿತ್ತು. ನಡೆದದ್ದನ್ನೆಲ್ಲ ಬರೆದಿದ್ದ. ನಾವು ಹೊರಟು ಬಂದ ದಿನ ಅವನು ಪುಸ್ತಕವನ್ನು ಮೂಲೆಗೆ ಎಸೆದು ಮಲಗಿಬಿಟ್ಟಿದ್ದನಂತೆ, ಓದುವ ಮನಸ್ಸೇ ಇರಲಿಲ್ಲವಂತೆ. ಸಂಜೆ ಮೇಷ್ಟ್ರು ಬಂದವರು ಮೂಲೆಯಲ್ಲಿ ಬಿದ್ದಿದ್ದ ಪುಸ್ತಕವನ್ನು ಎತ್ತಿ ನೋಡಿ, ಪರೀಕ್ಷೆ ಯಾವಾಗ ಎಂದು ನೇರವಾಗಿ ಕೇಳಿ, "ಪರೀಕ್ಷೆ ಇಟ್ಕೊಂಡು ನನಗೆ ಉಪಚಾರ ಮಾಡ್ತೀಯೇನಲೇ? ಕೂತ್ಕೊಂಡು ಓದು" ಎಂದರಂತೆ. ರಜೆ ಹಾಕಿಸಿ, ಎಂಟು ದಿನ ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿದರಂತೆ. ಅಡುಗೆಮನೆಗೆ ಅವರ ಹೆಂಡತಿ ಹೋಗಿ ಗಿರಿಜಾಳನ್ನು ಹೊದೆಸಿ ಮಲಗಿಸಿದರಂತೆ. ಅಷ್ಟೆಲ್ಲ ಒದ್ದಾಡಿ, ಬೈದು, ಗೆಳೆತನ ಮುರಿದುಕೊಂಡು ನಾನು ಮಾಡಲಾಗದ್ದನ್ನು ಮೇಷ್ಟ್ರು ಒಂದೇ ಗದರಿಕೆಯಲ್ಲಿ ಮಾಡಿದ್ದರು.

ಕೊನೆಯಲ್ಲಿ ಹೀಗಿತ್ತು: "ನಿನ್ನ ಮಾತಿಗೆ ಆ ದಿನ ಬಹಳ ನೊಂದಿದ್ದೆ. ಮೇಷ್ಟ್ರನ್ನು ಕಳಿಸಿದ್ದು ನೀನೇ ಎಂದು ತಿಳಿದ ಮೇಲೆ ಎಲ್ಲ ಅರ್ಥವಾಯಿತು. ನೀನು ಬೈದು ಹೊರಟದ್ದೂ, ಅವರನ್ನು ಹುಡುಕಿ ಕಳಿಸಿದ್ದೂ ನನ್ನ ಓದಿಗಾಗಿಯೇ. ಎಷ್ಟು ಮುಂದಾಲೋಚನೆ ಮಾರಾಯ ನಿನ್ನದು!"

ಓದುತ್ತಾ ನನಗೆ ನಿಜವಾಗಿಯೂ ಕಣ್ಣು ತುಂಬಿತು. ಕೂಡಲೇ ಉತ್ತರ ಬರೆಯಲು ಕೂತೆ. ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕೆಂದೇ ಪೆನ್ನು ಎತ್ತಿಕೊಂಡದ್ದು. "ಗೆಳೆಯನಿಗಾಗಿ ಇಷ್ಟಾದರೂ ಯೋಚಿಸಬೇಡವೇ?" ಎಂದು ಅದು ಹೇಗೋ ಬರೆದುಕೊಂಡು ಹೋಯಿತು. ಅಂಟಿಸುವ ಮೊದಲು ಶಾರದಾ ಕೈಚಾಚಿ ಇಸಿದುಕೊಂಡು ಓದಿದಳು, ಮಡಿಸಿ ನನ್ನ ಕೈಗೇ ಕೊಟ್ಟಳು. "ಯಾವಾಗ್ಲೂ ನಾನೇ ಹಾಕಿ ಬರ್ತಿದ್ದೆ. ಇದನ್ನ ಮಾತ್ರ ಟಪಾಲ್ ಡಬ್ಬಿಗೆ ನೀವೇ ಹೋಗಿ ಹಾಕ್ರಿ" ಎಂದಳು. ಸುತ್ತ ನೋಡಿಕೊಂಡು ಹೋಗಿ ಹಾಕಿ ಬಂದೆ.