ಇನ್ನೂರು ಹೊಟ್ಟೆ, ಒಂದು ಸಹಿ

"ಹಾಕಲ್ಲ ಅಂದ್ರೆ ಹಾಕಲ್ಲ ರೀ!"

ಆಸ್ಪತ್ರೆಯ ಅಂಕಿಅಂಶ ವಿಭಾಗದಲ್ಲಿ ಹೆಂಡತಿ ಪೆನ್ನಿನ ಮುಚ್ಚಳ ಮುಚ್ಚಿಬಿಟ್ಟಳು. ಎದುರಿಗೆ ಕೂತ ಸರ್ಜನ್ ಗಂಡನ ಮುಖ ಹರಳೆಣ್ಣೆ ಕುಡಿದವರ ಮುಖದಂತಾಯಿತು. ಇನ್ನೂರು ಹರ್ನಿಯಾ ರೋಗಿಗಳ ಮೇಲೆ ಅವನು ಬರೆದ ಪ್ರಬಂಧ ಸಂಜೆ ಐದರೊಳಗೆ ಸಮ್ಮೇಳನಕ್ಕೆ ಹೋಗಬೇಕು. ಅಂಕಿಅಂಶ ಪರಿಶೀಲಿಸುವ ಇವಳ ಸಹಿಯಿಲ್ಲದೆ ಹೋಗುವಂತಿಲ್ಲ. ಇಡೀ ಆಸ್ಪತ್ರೆಯನ್ನು ನಡುಗಿಸುವ ಮನುಷ್ಯ ಅರ್ಧ ಗಂಟೆಯಿಂದ ಗೋಗರೆಯುತ್ತಿದ್ದ.

ಗಂಡ: ಲೆಕ್ಕದಲ್ಲಿ ತಪ್ಪಿದೆಯೇನೇ?

ಹೆಂಡತಿ: ಲೆಕ್ಕ ಸರಿಯಾಗೇ ಇದೆ. 'ಹೊಸದೇ ಮೇಲು' ಅಂದಿದ್ದೀರಲ್ಲ, ಅದು ತಪ್ಪು.

ಗಂಡ: ಸಣ್ಣ ತೂತು ಮಾಡಿ ಮಾಡೋ ನನ್ನ ಹೊಸ ಆಪರೇಷನ್ನಲ್ಲಿ ಎರಡೇ ದಿನಕ್ಕೆ ಮನೆ ಸೇರ್ತಾರೆ. ಹಳೇ ಥರ ಕೊಯ್ದರೆ ಐದು ದಿನ. ಇನ್ನೇನು ಬೇಕು?

ಹೆಂಡತಿ: ಯಾರಿಗೆ ಯಾವುದು ಅಂತ ಆರಿಸಿದ್ದು ಯಾರು?

ಗಂಡ: ನಾನೇ! ರೋಗಿ ಬಾಗಿಲಲ್ಲಿ ನಡ್ಕೊಂಡು ಬರೋದು ನೋಡಿದ್ರೆ ಸಾಕು, ನಂಗೆ ಗೊತ್ತಾಗುತ್ತೆ.

ಹೆಂಡತಿ: ಅದೇ ತೊಂದರೆ. ಚೀಟಿ ಎತ್ತಬೇಕಿತ್ತು.

ಗಂಡ: ಹೊಟ್ಟೆ ಕೊಯ್ಯೋಕೆ ಚೀಟಿನಾ? ನಾನೇನು ಲಾಟರಿ ಅಂಗಡಿ ಇಟ್ಟಿದ್ದೀನಾ?

ಹೆಂಡತಿ: ಎರಡರಲ್ಲಿ ಯಾವುದು ಮಾಡಿದ್ರೂ ನಡೆಯುತ್ತೆ ಅನ್ನೋ ರೋಗಿಗಳನ್ನ ಕೇಳಿ, ಒಪ್ಪಿದವರಿಗೆ ಮಾತ್ರ ಚೀಟಿ. ಆಗ ಗಟ್ಟಿಮುಟ್ಟಾದವರು ಎರಡೂ ಕಡೆ ಹಂಚಿಹೋಗ್ತಾರೆ.

ಗಂಡ: ನನ್ನ ಕೈ ಮೇಲೆ ನಂಬಿಕೆ ಇಲ್ಲ ಅನ್ನು.

ಹೆಂಡತಿ: ಕೈ ಮೇಲಿದೆ. ಕಣ್ಣಿನ ಮೇಲಿಲ್ಲ.

ಗಂಡ: ಮೂವತ್ತು ವರ್ಷದ ಹಿಂದೆ ನಿನ್ನನ್ನ ಆರಿಸಿದ್ದೂ ಇದೇ ಕಣ್ಣು ಕಣೇ!

ಹೆಂಡತಿ: ಒಂದೇ ಕೇಸಿಂದ ಏನೂ ಸಾಬೀತಾಗಲ್ಲ.

ಈ ಮಾತು ನೇರ ಎದೆಗೆ ನಾಟಿತು. ದಡಬಡನೆ ಎದ್ದವನು ತೊಡೆಸಂದಿಗೆ ಕೈ ಒತ್ತಿ "ಅಮ್ಮಾ" ಎನ್ನುತ್ತ ಮತ್ತೆ ಕುಸಿದು ಕೂತ. ಮೂರು ತಿಂಗಳಿಂದ ಅವನಿಗೂ ಹರ್ನಿಯಾ. ಬರುವ ಸೋಮವಾರ ಶಿಷ್ಯೆಯ ಕೈಯಲ್ಲಿ ಆಪರೇಷನ್.

ಹೆಂಡತಿ (ಮೆತ್ತಗೆ): ಸೋಮವಾರ ಹೊಸದೇ ತಾನೆ?

ಗಂಡ: ಏ, ಹಳೇದು!

ಹೆಂಡತಿ: ಅಷ್ಟು ಹೊಗಳಿದ್ರಲ್ಲ?

ಗಂಡ: ಐವತ್ತೆಂಟಾಯ್ತು, ಶುಗರ್ ಇದೆ, ಮೆಟ್ಟಿಲು ಹತ್ತಿದ್ರೆ ಏದುಸಿರು. ನನ್ನಂಥವರಿಗೆಲ್ಲ ನಾನು ಹಳೇದನ್ನೇ ಮಾಡೋದು. ಹೊಸದು ಏನಿದ್ರೂ ಓಡಾಡ್ಕೊಂಡಿರೋ ಗಟ್ಟಿ ಆಳಿಗೆ...

ಮಾತು ಅರ್ಧಕ್ಕೇ ನಿಂತಿತು. ಹೆಂಡತಿ ಪೆನ್ನಿನ ಮುಚ್ಚಳ ತೆಗೆದಳು.

ಹೆಂಡತಿ: ಗಟ್ಟಿ ಆಳು ಹೇಗೆ ಕೊಯ್ದರೂ ಬೇಗ ಮನೆಗೆ ಓಡ್ತಾನೆ ರೀ. ಈಗ ಹೇಳಿದ್ದನ್ನ ಹಾಗೇ ಬರೀರಿ, 'ಹೊಸದೇ ಮೇಲು' ಅನ್ನೋದನ್ನ ಹೊಡೆದುಹಾಕಿ. ಸಹಿ ಹಾಕ್ತೀನಿ. ಆದ್ರೆ ಮುಂದಿನ ನೂರು ಜನಕ್ಕೆ ಚೀಟಿ!

ಅವನು ಹಲ್ಲು ಕಚ್ಚಿ ಬರೆದ, ಸಂಕಟಪಟ್ಟು ಹೊಡೆದುಹಾಕಿದ. ಸಹಿ ಬಿತ್ತು. ಕಾಗದವನ್ನು ಭದ್ರವಾಗಿ ಜೇಬಿಗೆ ಸೇರಿಸಿ ಬಾಗಿಲವರೆಗೆ ಹೋದವನು ತಿರುಗಿ ನಿಂತ.

ಗಂಡ: ಚೀಟಿಗೆ ಒಪ್ಪಿದೆ ತಾಯಿ. ಆದ್ರೆ ಶುರು ಮಾಡೋದು ಮಂಗಳವಾರದಿಂದ!