ಸ್ವಂತ ಡಬ್ಬ, ಬಾಡಿಗೆ ಗೋಡೆ

ನನ್ನ ಚಿಕ್ಕಮ್ಮನ ವರ್ಷಕ್ಕೆ ಹನ್ನೊಂದೇ ತಿಂಗಳು. ಹನ್ನೆರಡನೆಯದನ್ನು ಮುಂಬಯಿಯ ಮನೆ ಮಾಲೀಕರು ನುಂಗಿ ನೀರು ಕುಡಿದಿದ್ದಾರೆ ಎಂಬುದು ಅವರ ದೂರು. ಇಲ್ಲಿಯ ಬಾಡಿಗೆ ಕರಾರು ಹನ್ನೊಂದು ತಿಂಗಳಿಗೆ ಮುಗಿಯುತ್ತದೆ. ಮುಗಿಯುವ ಹೊತ್ತಿಗೆ ಸರಿಯಾಗಿ ಮಾಲೀಕನ ಮಗನಿಗೆ ಮದುವೆ ನಿಶ್ಚಯವಾಗುತ್ತದೆ, ಇಲ್ಲವೇ ದುಬೈಯಿಂದ ಅಳಿಯ ಬಂದಿಳಿಯುತ್ತಾನೆ, ನೀವು ಗಂಟುಮೂಟೆ ಕಟ್ಟಬೇಕು. ಹೀಗೆ ಚಿಕ್ಕಮ್ಮ ಹದಿನಾಲ್ಕು ಮನೆ ಬದಲಿಸಿದ್ದಾರೆ. ಹದಿನಾಲ್ಕು ಎಂದೆನೇ? ಹನ್ನೆರಡೂ ಇರಬಹುದು. ನನ್ನ ನೆನಪು ಅಷ್ಟು ಅಚ್ಚುಕಟ್ಟಿನದಲ್ಲ. ಅಚ್ಚುಕಟ್ಟಾದ ನೆನಪುಗಳನ್ನು ನಾನು ನಂಬುವುದೂ ಇಲ್ಲ. ಹೇಳುವಾಗ ಹದಿನಾಲ್ಕು ಎಂದರೆ ಕಿವಿಗೆ ಹಿತ, ಅಷ್ಟೇ.

ಅವರ ಬಳಿ ಇಸವಿಗಳಿಲ್ಲ, ಮನೆಗಳಿವೆ. ನನ್ನ ಟೈಫಾಯ್ಡ್ ಯಾವ ವರ್ಷ ಎಂದು ಕೇಳಿದರೆ, ‘ಪಾರ್ಲೆಯ ಎರಡನೇ ಮನೆ, ನಲ್ಲಿ ಸೋರುತ್ತಿತ್ತಲ್ಲ, ಅದರಲ್ಲಿ’ ಎನ್ನುತ್ತಾರೆ. ಲಿಫ್ಟ್ ಇಲ್ಲದ ಮನೆ, ಮೀನು ಹುರಿಯಬಾರದ ಮನೆ, ಪಾರಿವಾಳದ ಮನೆ. ಎಲ್ಲ ಮನೆಗೂ ಒಂದೊಂದು ಹೆಸರು ಇದೆ, ಆದರೆ ‘ನಮ್ಮ ಮನೆ’ ಎಂಬ ಎರಡು ಪದ ಮಾತ್ರ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಹೊಸ ಮನೆಗೆ ಹೊಕ್ಕಾಗ ಒಲೆಯ ಮೇಲೆ ಹಾಲಿಟ್ಟು ಉಕ್ಕಿಸುವುದು ನಮ್ಮವರಲ್ಲಿ ಎಲ್ಲರೂ ಮಾಡುವ ಶಾಸ್ತ್ರ. ಚಿಕ್ಕಮ್ಮ ಮಾತ್ರ ಮಾಡುವುದಿಲ್ಲ.

“ಇನ್ನೊಬ್ಬರ ಮನೆಗೆ ನಾವ್ಯಾಕೆ ಹಾಲು ಉಕ್ಕಿಸುದು ಮಾರಾಯ? ಹಾಲು ಇದ್ರೆ ಚಾ ಮಾಡು.”

ಚಿಕ್ಕಪ್ಪ ಆ ಚಹಾ ಕುಡಿದು ಸುಮ್ಮನಾಗುತ್ತಾರೆ. ಉಡುಪಿ ಹೋಟೆಲೊಂದರ ಗಲ್ಲೆಯಲ್ಲಿ ಜೀವಮಾನವೆಲ್ಲ ಕೂತು ಎದ್ದವರು ಅವರು. ಗಿರಾಕಿಯ ಜೊತೆ ವಾದಕ್ಕಿಳಿಯಬಾರದು ಎಂಬುದನ್ನು ದಾಂಪತ್ಯಕ್ಕೂ ಅನ್ವಯಿಸಿಕೊಂಡಿದ್ದಾರೆ.

ಗೋಡೆ ಬಾಡಿಗೆಯದಾದರೆ ಗೋಡೆಯೊಳಗಿನದೆಲ್ಲ ಸ್ವಂತದ್ದಿರಬೇಕು ಎಂಬುದು ಚಿಕ್ಕಮ್ಮನ ಸಿದ್ಧಾಂತ. ಹೊಸ ಮನೆಗೆ ಕಾಲಿಟ್ಟ ಕೂಡಲೇ ಮಾಲೀಕನ ಬಲ್ಬುಗಳನ್ನು ಬಿಚ್ಚಿ, ಕಾಗದ ಸುತ್ತಿ, ಕಪಾಟಿನ ಮೇಲಿಟ್ಟು ತಮ್ಮ ಬಲ್ಬು ಹಾಕುತ್ತಾರೆ. ಫ್ಯಾನು ಅವರದು. ನಲ್ಲಿಯ ಮೂತಿಗೆ ಸಿಕ್ಕಿಸುವ ಜಾಲರಿ ಅವರದು. ಬಾಗಿಲ ಕರೆಗಂಟೆಯೂ ಅವರದೇ! ಬೇರೆಯವರ ಬೆಲ್ಲು ಕೂಗಿದರೆ ತಾನ್ಯಾಕೆ ಎದ್ದು ಹೋಗಿ ಬಾಗಿಲು ತೆರೆಯಬೇಕು ಎಂದು ಕೇಳುತ್ತಾರೆ. ನಿಮ್ಮಲ್ಲಿ ಉತ್ತರವಿದೆಯೇ? ಮನೆ ಬಿಡುವ ದಿನ ಗೋಡೆಗೆ ಹೊಡೆದ ಮೊಳೆಗಳನ್ನು ಕಿತ್ತು ಎಣಿಸಿ ಡಬ್ಬಿಗೆ ಹಾಕುತ್ತಾರೆ. ಒಮ್ಮೆ ಒಂದು ಮೊಳೆ ಹೆಚ್ಚಾಗಿ, ಅದು ಮಾಲೀಕನದೆಂದು ಗೊತ್ತಾಗಿ, ಹಿಂದಿರುಗಿಸಲು ಗೋರೆಗಾಂವ್‌ವರೆಗೆ ಲೋಕಲ್ ಹಿಡಿದು ಹೋದರಂತೆ. ‘ಅಂತೆ’ ಎಂಬುದನ್ನು ನೀವು ಗಮನಿಸಬೇಕು.

ಇಷ್ಟೆಲ್ಲದರ ನಡುವೆ ಬಾಡಿಗೆಯ ವಸ್ತು ಉಳಿದದ್ದು ಒಂದೇ: ಕೇಬಲ್‌ನವನು ಕೊಟ್ಟ ಇಂಟರ್ನೆಟ್ ಡಬ್ಬ.

ಅದು ಅವರಿಗೆ ಕಣ್ಣೊಳಗಿನ ಕಸವಾದದ್ದಕ್ಕೆ ಕಾರಣವಿದೆ. ಚಿಕ್ಕಮ್ಮ ಟೀಚರ್. ಅವರು ಕಲಿಸುತ್ತಿದ್ದ ಕನ್ನಡ ಮಾಧ್ಯಮದ ಶಾಲೆ ಮಕ್ಕಳಿಲ್ಲದೆ ಮುಚ್ಚಿತು, ಅವರು ಮುಚ್ಚಲಿಲ್ಲ. ಪ್ರತಿ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಲ್ಯಾಪ್‌ಟಾಪಿನ ಮುಂದೆ ಕೂತು ಊರೆಲ್ಲ ಹರಡಿರುವ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಾರೆ. ಆಂಟಾಪ್ ಹಿಲ್‌ನ ಕ್ಯಾಷಿಯರನ ಅವಳಿ ಮಕ್ಕಳು, ಗೋರೆಗಾಂವ್‌ನ ಅಡುಗೆಯವರ ಮೊಮ್ಮಗಳು, ಹೀಗೆ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ‘ಆನೆ’ಗೊಂದು ವಾಕ್ಯ ಮಾಡು ಎಂದರೆ, “ಟೀಚರ್, ಆನೆ ಬಹುತ್ ದೊಡ್ಡದು ಹೈ,” ಎನ್ನುತ್ತವೆ. ಟೀಚರ್ ‘ಬಹುತ್’ ಮತ್ತು ‘ಹೈ’ ಎರಡನ್ನೂ ಕಲ್ಲು ಆರಿಸಿದಂತೆ ಆರಿಸಿ ತೆಗೆದು, ಉಳಿದದ್ದಕ್ಕೆ ಶಹಬ್ಬಾಸ್ ಕೊಡುತ್ತಾರೆ.

ಮನೆ ಬದಲಾದಾಗೆಲ್ಲ ಹಳೆಯ ಕೇಬಲ್‌ನವನು ಡಬ್ಬ ಕಿತ್ತುಕೊಂಡು ಹೋಗುತ್ತಿದ್ದ. ಹೊಸ ಕಟ್ಟಡದ ಕೇಬಲ್‌ನವನು, ತಂತಿ ಇವತ್ತೇ ಎಳೆಯುತ್ತೇನೆ, ಆದರೆ ಮಷೀನು ಸ್ಟಾಕ್ ಇಲ್ಲ, ಎಂಟು ದಿನ ಎನ್ನುತ್ತಿದ್ದ. ಅವನ ಎಂಟು ದಿನ ಎಂದರೆ ನಮ್ಮ ಮೂರು ಭಾನುವಾರ. ಕಳೆದ ಸಲ ಕ್ಲಾಸು ನಿಂತಾಗ ಒಂಬತ್ತು ಮಕ್ಕಳಿದ್ದವು, ಮತ್ತೆ ಶುರುವಾದಾಗ ಐದು. ಉಳಿದ ನಾಲ್ವರ ಮನೆಗೆ ಫೋನ್ ಮಾಡಿದರೆ, ಕ್ಲಾಸ್ ಬಂದ್ ಆಯಿತೆಂದು ತಿಳಿದು ಗಣಿತದ ಟ್ಯೂಷನ್‌ಗೆ ಹಾಕಿದೆವು ಎಂದರು. ಆ ಫೋನ್ ಇಟ್ಟ ಮೇಲೆ ಚಿಕ್ಕಮ್ಮ ಡಬ್ಬದ ಹಸಿರು ದೀಪವನ್ನೇ ನೋಡುತ್ತ ಕೂತಿದ್ದರು ಎಂದು ಚಿಕ್ಕಪ್ಪ ಹೇಳಿದ್ದು. ಇನ್ನೊಮ್ಮೆ ಕ್ಲಾಸು ನಿಂತರೆ ಮತ್ತೆ ಕಟ್ಟುವುದಿಲ್ಲ ಎಂದೂ ಹೇಳಿದರಂತೆ.

ಮರುದಿನ ಡಬ್ಬ ಕೊಳ್ಳಲು ಹೊರಟರು. ಜೊತೆಗೆ ನಾನು.

ಅಂಗಡಿಯವನು ಸ್ಪೀಡು, ಆಂಟೆನಾ, ಗ್ಯಾರಂಟಿ ಎಂದೆಲ್ಲ ವಿವರಿಸಿದ. ಚಿಕ್ಕಮ್ಮ ಡಬ್ಬವನ್ನು ತೆಂಗಿನಕಾಯಿಯಂತೆ ಕಿವಿಯ ಬಳಿ ಹಿಡಿದು ಅಲುಗಿಸಿದರು. ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಎಷ್ಟು ಸಲ ತಡೆಯುತ್ತದೆ ಎಂದು ಕೇಳಿದರು. ಅವನು, ಆಂಟಿ, ಇದು ಮೂರು ರೂಮಿಗೆ ಆರಾಮಾಗಿ ಸಾಕು ಎಂದ. ರೂಮಿನ ಲೆಕ್ಕ ಬೇಡ, ಎಷ್ಟು ಮನೆಗೆ ಸಾಕು ಎಂದರು ಇವರು. ಅವನು ನನ್ನ ಮುಖ ನೋಡಿದ. ನಾನು ಮೊಬೈಲ್ ಕವರುಗಳನ್ನು ನೋಡಿದೆ.

ಅಂತೂ ತಂತಿ ಸಿಕ್ಕಿಸಿಕೊಳ್ಳುವುದೂ ವೈಫೈ ಹರಡುವುದೂ ಒಂದರಲ್ಲೇ ಇರುವ ಡಬ್ಬ ಬಂತು. ಹಳೆಯದನ್ನು ಒಯ್ಯಲು ಬಂದ ಕೇಬಲ್‌ನವನು ಮೊದಲು ಒಪ್ಪಲಿಲ್ಲ. ಕಂಪನಿಯ ಮಷೀನಾದರೆ ಕೆಟ್ಟಾಗ ನಾವು ನೋಡಿಕೊಳ್ಳುತ್ತೇವೆ, ನಿಮ್ಮದು ಕೆಟ್ಟರೆ ನೀವೇ ಅಳಬೇಕು ಎಂದ. ಚಿಕ್ಕಮ್ಮ ಅವನನ್ನು ಕೂರಿಸಿ ಉಪ್ಪಿಟ್ಟು ಕೊಟ್ಟರು. ಎರಡನೇ ಸಲ ಬಡಿಸುವಾಗ, ಹೊಸ ಡಬ್ಬವನ್ನು ಲೈನಿಗೆ ಜೋಡಿಸುವುದು ಹೇಗೆ, ಯಾವ ನಂಬರ್ ಕೊಡಬೇಕು ಎಂದೆಲ್ಲ ಬಾಯಿ ಬಿಡಿಸಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಹಳೆಯ ಡಬ್ಬವನ್ನು ಒರೆಸಿ, ಬಟ್ಟೆ ಸುತ್ತಿ, ತವರಿಗೆ ಹೊರಟ ಸೊಸೆಯನ್ನು ಕಳಿಸುವಂತೆ ಬಾಗಿಲವರೆಗೆ ಹೋಗಿ ಕಳಿಸಿದರು. ಹೊಸದರ ರಟ್ಟಿನ ಪೆಟ್ಟಿಗೆ, ಥರ್ಮಕೋಲ್, ತಂತಿಗೆ ಸುತ್ತಿದ್ದ ದಾರ, ಎಲ್ಲವೂ ಕಪಾಟು ಸೇರಿದವು.

ಸ್ವಂತದ್ದು ಸಿಕ್ಕಿದ ಮೇಲೆ ಸುಮ್ಮನಿರುತ್ತಾರೆಯೇ? ಆಂಟಾಪ್ ಹಿಲ್‌ನಲ್ಲಿರುವ ನಾದಿನಿಯ ಮನೆಗೆ ಊಟಕ್ಕೆ ಹೋಗುವಾಗ ಡಬ್ಬವನ್ನೂ ಬಟ್ಟೆ ಚೀಲದಲ್ಲಿ ಹಾಕಿಕೊಂಡು ಹೋದರು. ಅಲ್ಲಿ ಅದನ್ನು ಪ್ಲಗ್ಗಿಗೆ ಚುಚ್ಚಿ, “ನಿಮ್ಮಲ್ಲಿ ಇಂಟರ್ನೆಟ್ ಇಲ್ಲ ಅಂತ ಬೇಜಾರು ಮಾಡ್ಬೇಡಿ, ನಾನು ತಂದಿದ್ದೇನೆ,” ಎಂದರು. ಕೆಂಪು ದೀಪ ಹತ್ತಿತು, ಹತ್ತಿಯೇ ಇತ್ತು. ತಂತಿಯಿಲ್ಲದೆ ಅದು ಬರಿಯ ಡಬ್ಬ ಎಂದು ನಾನು ಹೇಳಿದೆ. ತನ್ನ ಕುಕ್ಕರ್ ಎಲ್ಲಿಗೆ ಒಯ್ದರೂ ಅನ್ನ ಆಗುವುದಿಲ್ಲವೇ ಎಂದು ನನ್ನನ್ನೇ ಕೇಳಿದರು. ಆಗ ಗ್ಯಾಸ್ ಆ ಮನೆಯವರದಿರುತ್ತದಲ್ಲ ಎಂದರು ಚಿಕ್ಕಪ್ಪ, ಸಾರು ಕಲಸುತ್ತ. ಆ ವರ್ಷ ಚಿಕ್ಕಪ್ಪ ಆಡಿದ ಅತಿ ಉದ್ದದ ಮಾತು ಅದು.

ಕರಾರು ಮುಗಿಯಿತು. ಮಾಲೀಕನ ಮಗನಿಗೆ ಮದುವೆ ನಿಶ್ಚಯವಾಯಿತು, ನಾನು ಹೇಳಿರಲಿಲ್ಲವೇ! ಟೆಂಪೋ ಸಿಕ್ಕಿದ್ದು ಭಾನುವಾರಕ್ಕೆ.

ಕ್ಲಾಸಿಗೆ ಆಗಷ್ಟೇ ಒಬ್ಬಳು ಹೊಸಬಳು ಸೇರಿದ್ದಳು, ರೇಣುಕಾ ಎಂದು. ಕಲಬುರಗಿ ಕಡೆಯ ಹುಡುಗಿ. ಅಪ್ಪ ಅಮ್ಮ ಇಬ್ಬರೂ ಕಟ್ಟಡದ ಕೆಲಸದವರು, ಕಟ್ಟಡ ಮುಗಿದಂತೆ ಇವರ ತಗಡಿನ ಶೆಡ್ಡೂ ಬೇರೆ ಕಡೆಗೆ ಹೋಗುತ್ತದೆ. ಅಪ್ಪನ ಫೋನು ಅವಳ ಕೈಗೆ ಸಿಗುವುದು ಭಾನುವಾರ ಮಾತ್ರ. ಒತ್ತಕ್ಷರಕ್ಕೆ ಈಗಷ್ಟೇ ಬಂದಿದ್ದಳು. ಅವಳನ್ನು ಒಂದು ಭಾನುವಾರ ಬಿಟ್ಟರೆ ಮತ್ತೆ ಸಿಗುವುದಿಲ್ಲ ಎಂದು ಚಿಕ್ಕಮ್ಮ ಅಷ್ಟೂ ಪಾತ್ರೆ ಕಟ್ಟುವಾಗ ಹೇಳುತ್ತಲೇ ಇದ್ದರು.

ಸಾಮಾನು ಟೆಂಪೋದಲ್ಲಿ, ಡಬ್ಬ ಚಿಕ್ಕಮ್ಮನ ಮಡಿಲಲ್ಲಿ, ನಾವು ಆಟೋದಲ್ಲಿ. ಹೊಸ ಮನೆಯಲ್ಲಿ ಕೇಬಲ್‌ನವನು ತಂತಿಯ ತುದಿ ಹಿಡಿದು ನಿಂತಿದ್ದ, ಅದೇ ಮಾತು ಹೇಳಲು ಬಾಯಿ ತೆರೆದಿದ್ದ.

“ಮಷೀನ್ ಆಠ್ ದಿನ್—”

ಚಿಕ್ಕಮ್ಮ ಚೀಲದಿಂದ ಡಬ್ಬ ತೆಗೆದು ಅವನ ಕೈಯಲ್ಲಿಟ್ಟರು. ಅವನ ಬಾಯಿ ಹಾಗೆಯೇ ಮುಚ್ಚಿತು. ಆದರೆ ತಂತಿ ಗಿಡ್ಡವಾಗಿತ್ತು, ಅಡುಗೆಮನೆಯ ಕಿಟಕಿ ದಾಟಿ ಒಂದು ಗೇಣೂ ಮುಂದೆ ಬರಲಿಲ್ಲ. ಇರಲಿ ಎಂದರು. ಒಲೆಯ ಪಕ್ಕದಲ್ಲೇ ಡಬ್ಬ ಕೂತಿತು. ಎದುರಿಗೆ ಗೋಣಿಚೀಲದ ಮೇಲೆ ಲ್ಯಾಪ್‌ಟಾಪು, ಅದರ ಮುಂದೆ ಕವುಚಿದ ಬಕೆಟ್ಟಿನ ಮೇಲೆ ಟೀಚರ್, ಒಲೆಗೆ ಬೆನ್ನು ಹಾಕಿ. ನೋಟ್‌ಬುಕ್ಕಿನಿಂದ ನಂಬರ್ ಓದಿದರು, ಕೇಬಲ್‌ನವನು ಒತ್ತಿದ. ಕೆಂಪು. ಮತ್ತೆ ಓದಿದರು. ಕೆಂಪೇ. ಹನ್ನೊಂದಕ್ಕೆ ನಾಲ್ಕು ನಿಮಿಷ ಇತ್ತೆಂದು ನನಗೆ ನೆನಪು. ಹತ್ತು ನಿಮಿಷವೂ ಇದ್ದಿರಬಹುದು, ಭಯ ಮಾತ್ರ ನಾಲ್ಕು ನಿಮಿಷದ್ದು. ಮೂರನೇ ಸಲಕ್ಕೆ ದೀಪ ಹಸಿರಾಯಿತು. ಒಂದು ಮುಖ ಬಂತು, ಅವಳಿಗಳು ಬಂದರು, ಇನ್ನಿಬ್ಬರು ಬಂದರು, ಆಮೇಲೆ ರೇಣುಕಾ. ಒಟ್ಟು ಆರು. ಚಿಕ್ಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ‘ಕ್ಕ’ ಎಂದರು.

ಈ ನಡುವೆ ಚಿಕ್ಕಪ್ಪ ಚಹಾಕ್ಕೆಂದು ಹಾಲಿಟ್ಟು, ಮಕ್ಕಳನ್ನು ನೋಡುತ್ತ ಅದನ್ನು ಮರೆತುಬಿಟ್ಟಿದ್ದರು. ನಾನೂ ಮರೆತೆ.

“ಟೀಚರ್, ನಿಮ್ಮ ಹಿಂದ ಹಾಲು ಉಕ್ಕಾಕತ್ತಾವ್ರಿ,” ಎಂದಳು ರೇಣುಕಾ.

ಚಿಕ್ಕಪ್ಪ ಒಲೆಯ ಕಡೆ ಧಾವಿಸಿದರು. ಅಷ್ಟರಲ್ಲಿ ಅವಳೇ ಮುಂದುವರಿಸಿದಳು.

“ಹೊಸಾ ಮನೀರಿ? ನಮ್ಮವ್ವನೂ ಹಿಂಗ ಉಕ್ಕಸ್ತಾಳ್ರಿ. ಶೆಡ್ ಬದಲಾದಾಗೊಮ್ಮೆ.”

ಚಿಕ್ಕಪ್ಪನ ಕೈ ಆಗಲೇ ಒಲೆಯ ಗುಂಡಿಯ ಮೇಲಿತ್ತು.

“ಇರಲಿ,” ಎಂದರು ಚಿಕ್ಕಮ್ಮ, ತಿರುಗದೆಯೇ. “ಉಕ್ಕಲಿ.”

ಹಾಲು ಪಾತ್ರೆಯ ಅಂಚು ದಾಟಿ, ಒಲೆಯ ಮೇಲೆ ಚುರುಗುಟ್ಟಿ, ಕಟ್ಟೆಯ ಮೇಲೆ ಹರಿಯಿತು. ನಾನು ಡಬ್ಬವನ್ನು ಎತ್ತಿ ಹಿಡಿದು ನಿಂತೆ. ಆಮೇಲೆ ಅವರು ಮಕ್ಕಳಿಗೆ ಪುಸ್ತಕ ತೆಗೆಯಲು ಹೇಳಿ, ಆ ದಿನದ ಒತ್ತಕ್ಷರಕ್ಕೆ ಒಂದು ವಾಕ್ಯ ಬರೆಸಿದರು.

ಯಾವ ವಾಕ್ಯ ಎಂಬುದರ ಬಗ್ಗೆ ನನಗೂ ಚಿಕ್ಕಪ್ಪನಿಗೂ ಈಗಲೂ ಜಗಳ. ‘ಮನೆಯಲ್ಲಿ ಹಾಲು ಉಕ್ಕಿತು’ ಎಂದಷ್ಟೇ ಹೇಳಿದ್ದು ಎನ್ನುತ್ತಾರೆ ಅವರು. ಅದಕ್ಕಿಂತ ಒಂದು ಪದ ಹೆಚ್ಚಿತ್ತು ಎಂದು ನನ್ನ ನೆನಪು. ನನ್ನ ನೆನಪನ್ನು ನೀವು ನಂಬಬೇಕಿಲ್ಲ, ನಾನೇ ನಂಬುವುದಿಲ್ಲ. ಚಿಕ್ಕಮ್ಮನನ್ನು ಕೇಳಿದರೆ, ಮೊದಲು ಆ ಮೊಳೆಯ ಡಬ್ಬಿ ಎಲ್ಲಿಟ್ಟೆ ಹೇಳು ಎನ್ನುತ್ತಾರೆ.

ಆದರೆ ಆ ಸಂಜೆ ಮಕ್ಕಳು ಪುಸ್ತಕದ ಪುಟದ ಫೋಟೊ ತೆಗೆದು ಕಳಿಸಿದ್ದವು. ರೇಣುಕಾಳದ್ದನ್ನು ನಾನು ಉಳಿಸಿಕೊಂಡಿದ್ದೇನೆ. ಗೆರೆ ಬಿಟ್ಟು ಹತ್ತಿ ಇಳಿಯುವ ಪೆನ್ಸಿಲ್ ಅಕ್ಷರಗಳು, ‘ಕ್ಕಿ’ಯನ್ನು ಎರಡು ಸಲ ಅಳಿಸಿ ಬರೆದ ಗುರುತು:

ನಮ್ಮ ಮನೆಯಲ್ಲಿ ಹಾಲು ಉಕ್ಕಿತು.