ಬೀರುವಿನ ಆಚೆಯ ಅಪ್ಪ

ಇಪ್ಪತ್ತೆರಡು ವರ್ಷ ಕರಡು ತಿದ್ದಿದ ಕಣ್ಣು ಸ್ವಾಮಿ ಇದು! ಮುದ್ರಣಾಲಯದಲ್ಲಿ ನನಗಿರುವ ಬಿರುದೇ ‘ಭೂತಗನ್ನಡಿ’. ಅಂಥವನ ಮಗಳು ಹದಿನೇಳಕ್ಕೇ ಕಾದಂಬರಿ ಬರೆದಿದ್ದಾಳೆ, ಶುಕ್ರವಾರ ಸಂಜೆ ಐದರೊಳಗೆ ಕಳಿಸಿದರೆ ಆಯ್ಕೆ ಸಭೆಗೆ ಇಡುತ್ತೇವೆಂದು ಪ್ರಕಾಶಕರು ಹೇಳಿದ್ದಾರೆ. ಅದು ನನ್ನ ಕೈ ದಾಟದೆ ಹೋಗುವುದುಂಟೆ?

“ಒಂದೇ ಒಂದು ತಪ್ಪು ಉಳಿದ್ರೂ ಮೀಸೆ ಬೋಳಿಸ್ತೀನಿ!” ಎಂದು ಘೋಷಿಸಿಬಿಟ್ಟೆ.

“ಕಾಗುಣಿತ ಮಾತ್ರ ನೋಡಪ್ಪ. ಹಾಗೇ ಒಂದ್ಸಲ ಕಥೆನೂ ಓದು, ಪ್ಲೀಸ್,” ಎಂದಳು ಮಗಳು.

“ಕರಡು ತಿದ್ದೋನು ಕಥೆ ಓದಬಾರದಮ್ಮ. ಓದ್ತಾ ಕೂತ್ರೆ ತಪ್ಪುಗಳು ಕಣ್ತಪ್ಪಿಸಿ ಓಡಿಹೋಗ್ತವೆ.”

ಅವಳು ಬ್ಯಾಗು ಹೆಗಲಿಗೇರಿಸಿ ಕಾಲೇಜಿಗೆ ಹೋದಳು.

ಎರಡು ದಿನ ರಜೆ ಹಾಕಿ, ಕೋಣೆಯ ಬಾಗಿಲು ಹಾಕಿಕೊಂಡು, ಪ್ರಿಂಟಿನ ಮೇಲೆ ಕೆಂಪು ಪೆನ್ನು ಆಡಿಸತೊಡಗಿದೆ. ಅಬ್ಬಬ್ಬಾ, ಎಂಥ ಎಡವಟ್ಟು! ಹತ್ತನೇ ಪುಟದಲ್ಲಿ ನೀಲಿಯಾಗಿದ್ದ ಆಕಾಶ ನಲವತ್ತರಲ್ಲಿ ಹಸಿರು! ಅಮ್ಮ ಒಂದು ಕಡೆ ಬಟ್ಟೆ ಹೊಲಿಯುವವಳು, ಇನ್ನೊಂದು ಕಡೆ ಹಡಗಿನ ಕ್ಯಾಪ್ಟನ್! ಬೊಗಳುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಮಂತ್ರಿ! ಪಕ್ಕದ ಮನೆ ಆಂಟಿ ಮಹಾರಾಣಿ! ಅಪ್ಪನಿಗೆ ಒಮ್ಮೆ ಪೊದೆಮೀಸೆ, ಒಮ್ಮೆ ನುಣ್ಣಗೆ! ಒಂದು ಪಾತ್ರಕ್ಕೆ ಒಂದೇ ಗುಣಲಕ್ಷಣ, ಇದು ನಮ್ಮ ಕಸುಬಿನ ಮೊದಲ ಪಾಠ. ಮೊದಲು ಬಂದದ್ದನ್ನು ಉಳಿಸಿ, ಆಮೇಲೆ ಬಂದದ್ದನ್ನೆಲ್ಲ ಅದಕ್ಕೆ ಹೊಂದಿಸಿದೆ. ಕಂಪ್ಯೂಟರಿನಲ್ಲೂ ಹಾಗೇ ಬದಲಿಸಿ, ಶುಕ್ರವಾರ ಮಧ್ಯಾಹ್ನ ನಾನೇ ಕಳಿಸಿಯೂ ಬಿಟ್ಟೆ.

ನಾಲ್ಕು ಗಂಟೆಗೆ ಪ್ರಕಾಶಕರ ಕಡೆಯ ಸಂಪಾದಕಿಯ ಫೋನು.

“ಸಾರ್, ಈ ಹುಡುಗಿ ನಲವತ್ತೊಂದು ಸಲ ಬೀರು ಒಳಗೆ ನುಗ್ಗಿ, ಆ ಕಡೆಯಿಂದ ಮತ್ತೆ ಅದೇ ಮನೆಗೇ ಬರ್ತಾಳಲ್ಲ, ಯಾಕೆ?”

“ಅದೂ...”

“ಪಕ್ಕದ ಮನೆ ಆಂಟಿ ಏಳು ಸಾವಿರ ಸೈನಿಕರನ್ನ ಕಟ್ಕೊಂಡು ಯುದ್ಧಕ್ಕೆ ಬರ್ತಾರೆ. ಅಂಥ ಕೋಪ ಏನು? ನಾಯಿ ಬೊಗಳುತ್ತೆ, ಇಡೀ ರಾಜಸಭೆ ‘ಒಳ್ಳೇ ಸಲಹೆ’ ಅಂತ ಚಪ್ಪಾಳೆ ತಟ್ಟುತ್ತೆ! ನಿಮ್ಮ ಮಗಳು ಸಮಾನಾಂತರ ಜಗತ್ತುಗಳ ಕಾದಂಬರಿ ಅಂದಿದ್ರು. ಇಲ್ಲಿರೋದು ಒಂದೇ ಜಗತ್ತು! ಐದರವರೆಗೆ ಕಾಯ್ತೀನಿ, ಅಷ್ಟೇ.”

ಎರಡು ಜಗತ್ತು! ಅಯ್ಯೋ, ಎರಡು ಜಗತ್ತಂತೆ!

ಪಕ್ಕದ ಕೋಣೆಯಲ್ಲಿ ಹೊಲಿಯುತ್ತಿದ್ದ ಹೆಂಡತಿ ಕೂಗಿದಳು. “ರೀ, ಏನಾಯ್ತು?”

“ಒಂದಿಡೀ ಜಗತ್ತು ಅಳಿಸಿಬಿಟ್ಟೆ ಕಣೇ!”

“ಯಾವ್ದು?”

“ನೀನು ಕ್ಯಾಪ್ಟನ್ ಆಗಿದ್ದದ್ದು.”

ಹೊಲಿಗೆ ಯಂತ್ರ ಗಕ್ಕನೆ ನಿಂತಿತು. “ಜೀವಮಾನದಲ್ಲಿ ಒಂದ್ಸಲ ಕ್ಯಾಪ್ಟನ್ ಆಗಿದ್ನಂತೆ, ಅದನ್ನೂ ಕಿತ್ಕೊಂಡ್ರಾ!”

ಅಷ್ಟರಲ್ಲಿ ಮಗಳು ಬಂದಳು. ವಿಷಯ ಕೇಳಿ, “ಎರಡು ವರ್ಷ ಬರ್ದಿದ್ದಪ್ಪಾ!” ಎಂದವಳೇ ಬ್ಯಾಗು ಜಾಲಾಡಿ ಪೆನ್‌ಡ್ರೈವ್ ತೆಗೆದಳು. ಮೂಲಪ್ರತಿ ಅದರಲ್ಲಿತ್ತು, ಸದ್ಯ! ಅದನ್ನು ಸಂಪಾದಕಿಗೆ ಕಳಿಸಿದಾಗ ಐದಕ್ಕೆ ನಾಲ್ಕೇ ನಿಮಿಷ ಬಾಕಿ.

ಆಮೇಲೆ ಅವಳು ನನ್ನ ಕೆಂಪು ಹಾಳೆಗಳನ್ನು ತಿರುವುತ್ತ ಹೋದಳು. ಒಂದು ಕಡೆ ಕೈ ನಿಂತಿತು. ಇಣುಕಿ ನೋಡಿದೆ.

‘ಇಲ್ಲಿನ ಅಪ್ಪ ಅವಳು ಬರೆದದ್ದನ್ನು ತಿದ್ದುತ್ತಾನೆ. ಬೀರುವಿನ ಆಚೆಯ ಅಪ್ಪ ಕೂತು ಓದುತ್ತಾನೆ.’

ಎರಡನೇ ವಾಕ್ಯಕ್ಕೆ ಅಡ್ಡಗೆರೆ. ಪಕ್ಕದಲ್ಲಿ ನನ್ನದೇ ಮುದ್ದಾದ ಅಕ್ಷರ: ‘ಅಪ್ಪನ ಸ್ವಭಾವಕ್ಕೆ ಹೊಂದುವುದಿಲ್ಲ. ತೆಗೆದಿದೆ.’

“ನೀನು ತಿದ್ದಿದ್ರಲ್ಲಿ ಇದೊಂದು ಸರಿಯಾಗಿದೆ, ಅಪ್ಪ,” ಎಂದಳು ಮಗಳು ಮೆತ್ತಗೆ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಸೀದಾ ಬಚ್ಚಲಿಗೆ ಹೋಗಿ ಆಡಿದ ಮಾತು ಉಳಿಸಿಕೊಂಡೆ. ನುಣ್ಣನೆಯ ಮುಖ ಹೊತ್ತು ಬಂದು, ಕೆಂಪು ಪೆನ್ನು ಮಗಳ ಕೈಗೆ ಕೊಟ್ಟು, ಒಂದನೇ ಪುಟದಿಂದ ಕಥೆ ಓದಲು ಕುಳಿತೆ.

ಹೆಂಡತಿ ಬಾಗಿಲಲ್ಲಿ ಹೌಹಾರಿ ನಿಂತಳು. ನನ್ನನ್ನು ನೋಡಿದಳು. ಮೂಲೆಯಲ್ಲಿದ್ದ ನಮ್ಮ ಬೀರು ನೋಡಿದಳು.

“ಯಾರ್ರೀ ನೀವು? ಅದರೊಳಗಿಂದ ಬಂದ್ರಾ?”